ಸಾಧು ಬಾರ್ಬ್ ಎಂದು ತಂದೆ, ಗೌರಾಮಿಯ ಮೀಸೆ ಹೋಯಿತು

ಗಾಜಿನಾಚೆ:
ಎಲ್ಲರಿಗೂ ನಮಸ್ಕಾರ. ನನ್ನ ಮೀನಿನ ತೊಟ್ಟಿ ಮೂರು ಅಡಿ ಉದ್ದದ್ದು, ಹಿಡಿಯುವ ನೀರು ಸುಮಾರು 130 ಲೀಟರ್. ಶುರುವಾಗಿ ಒಂದೂವರೆ ವರ್ಷವಾಯಿತು. ಜೇನುಬಣ್ಣದ ಎರಡು ಹನಿ ಗೌರಾಮಿ ಮೀನು, ತಳದಲ್ಲಿ ಎಂಟು ಕೋರಿಡೋರಾಸ್ ಮೀನು. ನಡುನೀರು ಮಾತ್ರ ಬಿಕೋ ಎನ್ನುತ್ತಿತ್ತು. ಅಲ್ಲಿ ಗುಂಪಾಗಿ ಓಡಾಡುವ ಬಾರ್ಬ್‌ಗಳಿದ್ದರೆ ಚೆನ್ನ ಎನಿಸಿತು. ಹಿಂದೊಮ್ಮೆ ನಾಲ್ಕು ಟೈಗರ್ ಬಾರ್ಬ್ ತಂದು ಏಂಜೆಲ್ ಮೀನಿನ ರೆಕ್ಕೆಗಳನ್ನೆಲ್ಲ ಚಿಂದಿ ಮಾಡಿಸಿಕೊಂಡವನು ನಾನು. ಹಾಗಾಗಿ ಈ ಸಲ ತಿಂಗಳುಗಟ್ಟಲೆ ಓದಿ, ನಾಲ್ಕು ಜನರನ್ನು ಕೇಳಿ, ‘ಬಲು ಸಾಧು’ ಎಂದು ಎಲ್ಲರೂ ಹೊಗಳುವ ಐದು ಪಟ್ಟೆಯ ಬಾರ್ಬ್, ಅಂದರೆ ಪೆಂಟಜೋನಾ, ಏಳು ತಂದೆ. ಮೂರು ವಾರ ಬೇರೆ ತೊಟ್ಟಿಯಲ್ಲಿ ಇರಿಸಿ, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ದೊಡ್ಡ ತೊಟ್ಟಿಗೆ ಬಿಟ್ಟೆ.

ಹತ್ತು ದಿನವಾಗಿಲ್ಲ, ಗಂಡು ಗೌರಾಮಿಯ ಎದೆಯಡಿ ಇಳಿಬಿದ್ದಿರುವ ದಾರದಂಥ ರೆಕ್ಕೆಗಳಲ್ಲಿ ಒಂದು ಅರ್ಧಕ್ಕೆ ತುಂಡಾಗಿದೆ, ಇನ್ನೊಂದು ಬುಡಮಟ್ಟ ಹೋಗಿದೆ. ಅದು ಹೀಟರ್ ಹಿಂದೆ ಅವಿತು ನಿಂತಿದೆ, ಆಹಾರ ಹಾಕಿದರೂ ಹೊರಗೆ ಬರುತ್ತಿಲ್ಲ. ಕಚ್ಚುವುದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಕೋರಿಡೋರಾಸ್ ಅಂತೂ ಈ ಕೆಲಸ ಮಾಡಿರಲಾರವು. ಬಾರ್ಬ್‌ಗಳಲ್ಲಿ ಸಾಧು ಎಂಬುದು ನಿಜಕ್ಕೂ ಇದೆಯೇ, ಇಲ್ಲ ಇದೆಲ್ಲ ಮಾರುವವರ ಮಾತೇ?

ಕಪ್ಪುಮರಳು:
ಇಲ್ಲ. ಬಾರ್ಬ್ ಯಾವುದಾದರೇನು, ಬುದ್ಧಿ ಒಂದೇ. ವಾಪಸ್ ಕೊಟ್ಟು ಟೆಟ್ರಾ ತನ್ನಿ.

ಪಾಚಿಪ್ರಿಯೆ:
ಕಪ್ಪುಮರಳು ಅವರೇ, ಟೆಟ್ರಾ ತಂದರೆ ಪಾರಾದೆವು ಎಂದುಕೊಂಡಿದ್ದೀರಾ? ಸರ್ಪೇ ಟೆಟ್ರಾ ಸಾಕಿ ನೋಡಿ, ಆಮೇಲೆ ಮಾತನಾಡೋಣ.

ನನ್ನಲ್ಲಿ ಹನ್ನೆರಡು ಚೆರ್ರಿ ಬಾರ್ಬ್ ಇವೆ, ನಾಲ್ಕು ಗಂಡು, ಎಂಟು ಹೆಣ್ಣು. ಬಂದು ಮೂರು ವರ್ಷ ಕಳೆಯಿತು, ಇದುವರೆಗೆ ಯಾರ ರೆಕ್ಕೆಯೂ ಹರಿದಿಲ್ಲ. ಬೆಳಗ್ಗೆ ದೀಪ ಹತ್ತಿದ ಅರ್ಧ ಗಂಟೆಗೆ ಎರಡು ಗಂಡುಗಳು ಜಾವಾ ಫರ್ನ್ ಪೊದೆಯ ಮುಂದೆ ಎದುರಾಗುತ್ತವೆ. ರೆಕ್ಕೆಗಳನ್ನೆಲ್ಲ ಬಿಚ್ಚಿ, ಒಂದರ ಬಾಲದ ಬಳಿ ಇನ್ನೊಂದರ ತಲೆ ಬರುವಂತೆ ಬುಗುರಿಯ ಹಾಗೆ ಸುತ್ತುತ್ತವೆ. ಇಟ್ಟಿಗೆ ಬಣ್ಣದ ಮೈ ನೋಡನೋಡುತ್ತಿದ್ದಂತೆ ಕಡುಗೆಂಪಾಗುತ್ತದೆ. ಹೆಣ್ಣುಗಳು ಇತ್ತ ತಿರುಗಿಯೂ ನೋಡದೆ ಎಲೆಯಡಿ ಮೇಯುತ್ತಿರುತ್ತವೆ. ಐದು ನಿಮಿಷದಲ್ಲಿ ಜಗಳ ಮುಗಿಯುತ್ತದೆ, ಒಂದು ಹುರುಪೆಯೂ ಉದುರಿರುವುದಿಲ್ಲ. ಸೀಗಡಿ ಮರಿಗಳನ್ನು ತಿನ್ನುತ್ತವೆ, ಒಪ್ಪಿಕೊಳ್ಳುತ್ತೇನೆ. ಬಾಯಿಗೆ ಹಿಡಿಸುವುದನ್ನು ಯಾವ ಮೀನು ತಾನೇ ಬಿಟ್ಟಿದೆ?

ಹಳೆಯ ಹವ್ಯಾಸಿ:
ಮೊದಲು ಒಂದು ಗೊಂದಲ ಬಿಡಿಸೋಣ. ಬಾರ್ಬ್ ಎನ್ನುವುದು ಒಂದು ಮೀನಿನ ಹೆಸರಲ್ಲ. ಗೆಂಡೆಯ ಬಳಗಕ್ಕೆ ಸೇರಿದ ಹತ್ತಾರು ಬಗೆಯ ಮೀನುಗಳಿಗೆ ಹೊದಿಸಿದ ಒಂದೇ ಕಂಬಳಿ. ಬಹುಕಾಲ ಇವುಗಳಲ್ಲಿ ಹೆಚ್ಚಿನವನ್ನು ಪುಂಟಿಯಸ್ ಎಂಬ ಒಂದೇ ಚೀಲದಲ್ಲಿ ತುಂಬಿಟ್ಟಿದ್ದರು. 2012 ಮತ್ತು 2013ರಲ್ಲಿ ವಿಜ್ಞಾನಿಗಳು ಅದನ್ನು ಬಿಚ್ಚಿ ಪೆಥಿಯಾ, ಡಾಕಿನ್ಸಿಯಾ, ಡೆಸ್ಮೋಪುಂಟಿಯಸ್, ಪುಂಟಿಗ್ರಸ್ ಎಂದು ಬೇರೆ ಬೇರೆ ಕುಲ ಮಾಡಿದರು. ನಿಮ್ಮ ಪೆಂಟಜೋನಾ ಡೆಸ್ಮೋಪುಂಟಿಯಸ್ ಮನೆಯದು, ಟೈಗರ್ ಪುಂಟಿಗ್ರಸ್ ಮನೆಯದು. ಪಟ್ಟೆ ಇದೆ ಎಂದ ಮಾತ್ರಕ್ಕೆ ಅಣ್ಣತಮ್ಮಂದಿರಲ್ಲ.

ಬಗೆಬಗೆಯ ಮೀನು ಒಟ್ಟಿಗಿರುವ ಸಮುದಾಯ ತೊಟ್ಟಿಗೆ ಕಣ್ಣುಮುಚ್ಚಿ ಹೇಳಬಹುದಾದದ್ದು ಚೆರ್ರಿ. ಶ್ರೀಲಂಕಾದ ನೆರಳಿನ, ನಿಧಾನವಾಗಿ ಹರಿಯುವ, ತಳದಲ್ಲಿ ಒಣಗಿದ ಎಲೆ ತುಂಬಿದ ತೊರೆಗಳ ಮೀನು ಅದು. ಐದು ಸೆಂಟಿಮೀಟರ್ ದಾಟಿದರೆ ಹೆಚ್ಚು. ಬೆಳಕು ಕಣ್ಣಿಗೆ ರಾಚುವಂತಿದ್ದರೆ ಬಣ್ಣ ಬಿಡುವುದಿಲ್ಲ, ಮೇಲೆ ತೇಲುವ ಗಿಡ ಇರಬೇಕು. ಸುಮಾತ್ರದ ಚೆಕರ್ ಬಾರ್ಬ್ ಕೂಡ ಅದೇ ಗಾತ್ರದ್ದು. ಗಂಡುಗಳು ತಮ್ಮತಮ್ಮಲ್ಲೇ ಡೌಲು ತೋರಿಸುತ್ತವೆ, ಬೇರೆಯವರ ಗೊಡವೆಗೆ ಹೋಗುವುದಿಲ್ಲ. ಪೆಂಟಜೋನಾ ಇವೆರಡಕ್ಕಿಂತಲೂ ಪುಕ್ಕಲು. ಮೆದು ನೀರು, ಸ್ವಲ್ಪ ಆಮ್ಲೀಯವಾದರೆ ಇನ್ನೂ ಹಿತ. ಹತ್ತು ದಿನಗಳಲ್ಲೇ ಅದು ಗೌರಾಮಿಯನ್ನು ಅಟ್ಟಾಡಿಸಿತು ಎಂದರೆ ನಂಬಲು ಕಷ್ಟವಾಗುತ್ತದೆ.

ರೋಸಿ, ಒಡೆಸ್ಸಾ, ಗೋಲ್ಡ್ ಬಾರ್ಬ್‌ಗಳದು ಬೇರೆ ಕಥೆ. ಕೆಟ್ಟವೇನಲ್ಲ, ಗಲಾಟೆಯವು. ಗುಂಪು ದೊಡ್ಡದಿದ್ದು ತೊಟ್ಟಿ ಉದ್ದವಿದ್ದರೆ ಸರಿ. ಮಂದಗತಿಯ, ಉದ್ದ ರೆಕ್ಕೆಯ ಮೀನಿನ ಜೊತೆ ಮಾತ್ರ ಬೇಡ.

ಕಪ್ಪುಮರಳು:
ರೋಸಿ ಬಾರ್ಬ್ ಕೆಟ್ಟದ್ದಲ್ಲವೇ! ಆರು ತಿಂಗಳು ಕಷ್ಟಪಟ್ಟು ಬೆಳೆಸಿದ ಮೆದು ಎಲೆಯ ಗಿಡಗಳನ್ನು ಹದಿನೈದು ದಿನದಲ್ಲಿ ಕಡ್ಡಿ ಮಾಡಿದವು. ಬೆಳಗ್ಗೆ ಎದ್ದು ನೋಡಿದರೆ ಎಲೆಯ ಚೂರುಗಳೆಲ್ಲ ಫಿಲ್ಟರ್ ಬಾಯಿಗೆ ಅಂಟಿಕೊಂಡಿರುತ್ತಿದ್ದವು. ನನ್ನ ಕೋಪಕ್ಕೆ ಕಾರಣ ಇದೆ ಸ್ವಾಮಿ.

ಹಳೆಯ ಹವ್ಯಾಸಿ:
ಹೀಟರ್ ಎಷ್ಟಕ್ಕೆ ಇಟ್ಟಿದ್ದಿರಿ?

ಕಪ್ಪುಮರಳು:
27. ಅದಕ್ಕೂ ಗಿಡಕ್ಕೂ ಏನು ಸಂಬಂಧ?

ಹಳೆಯ ಹವ್ಯಾಸಿ:
ಗಿಡಕ್ಕೆ ಸಂಬಂಧವಿಲ್ಲ, ಮೀನಿಗೆ ಇದೆ. ರೋಸಿ ತಂಪು ನೀರಿನ ಮೀನು, 18ರಿಂದ 23 ಡಿಗ್ರಿ ಅದಕ್ಕೆ ಹಿತ. 27ರಲ್ಲಿ ಸದಾ ಕಾಯಿಸಿದರೆ ಮೈ ಬೇಗ ಸವೆಯುತ್ತದೆ, ಹಸಿವೂ ಕೆರಳುತ್ತದೆ. ಗಿಡದ ಮಾತಿಗೆ ಬಂದರೆ, ಸೊಪ್ಪು ಮೇಯುವುದು ಅದರ ಹುಟ್ಟುಗುಣ. ಅನುಬಿಯಾಸ್, ಜಾವಾ ಫರ್ನ್‌ನಂಥ ತೊಗಲೆಲೆಯ ಗಿಡ ಹಾಕಿ, ಜೊತೆಗೆ ಬೇಯಿಸಿದ ಬಟಾಣಿ, ಸೌತೆಕಾಯಿ ಚೂರು ಕೊಡಬೇಕಿತ್ತು.

ಮೌನಿ:
ಏಳು ಕಡಿಮೆ. ಹತ್ತಾದರೂ ಇರಬೇಕು.

ಎಲೆಹನಿ:
ಎಲ್ಲರೂ ಬಾರ್ಬ್ ಮೇಲೇ ಬಿದ್ದಿದ್ದೀರಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಆಗಿರಬಾರದೇಕೆ? ಎರಡು ಗೌರಾಮಿ ಎಂದಿರಿ. ಎರಡೂ ಗಂಡೇ, ಜೋಡಿಯೇ? ಹನಿ ಗೌರಾಮಿ ಗಂಡು ನೀರಿನ ಮೇಲೆ ಗುಳ್ಳೆಗೂಡು ಕಟ್ಟಲು ಶುರು ಮಾಡಿದರೆ ಹತ್ತಿರ ಸುಳಿದವರನ್ನೆಲ್ಲ ಓಡಿಸುತ್ತದೆ.

ಇನ್ನೊಂದು ವಿಷಯ. ತುಂಡಾದ ಅಂಚು ಹೇಗಿದೆ? ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿದ್ದರೆ ಯಾರೋ ಕಚ್ಚಿದ್ದಾರೆ. ಬೆಳ್ಳಗೆ, ನಾರುನಾರಾಗಿ, ದಿನದಿನಕ್ಕೂ ಹಿಂದೆ ಸರಿಯುತ್ತಿದ್ದರೆ ರೆಕ್ಕೆ ಕೊಳೆಯುವ ರೋಗ. ಆಗ ತಪ್ಪು ಮೀನಿನದಲ್ಲ, ನೀರಿನದು. ನೀರು ಎಷ್ಟು ಕೆಟ್ಟಿದೆ ಎಂದು ತಿಳಿಸುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆದು ಹೇಳಿ.

ಗಾಜಿನಾಚೆ:
ಜೋಡಿ, ಒಂದು ಗಂಡು ಒಂದು ಹೆಣ್ಣು. ಗುಳ್ಳೆಗೂಡು ಇಲ್ಲ. ಅಂಚು ನೇರವಾಗಿ ಕತ್ತರಿಸಿದಂತಿದೆ, ಬಿಳುಪಿಲ್ಲ. ಈಗಷ್ಟೇ ಅಳೆದೆ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 20. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ಶಾಖ 25 ಡಿಗ್ರಿ.

ಎಲೆಹನಿ:
ಹಾಗಾದರೆ ನೀರು ನಿರಪರಾಧಿ. ಮಾತು ಹಿಂತೆಗೆದುಕೊಂಡೆ.

ಕೊಳದಂಚು:
ಗಾಜಿನಾಚೆ ಅವರೇ, ಪಟ್ಟೆ ಎಣಿಸಿದಿರಾ?

ತಮಾಷೆಗೆ ಕೇಳುತ್ತಿಲ್ಲ. ಎರಡು ಸೆಂಟಿಮೀಟರ್ ಮರಿಗಳಿರುವಾಗ ಪೆಂಟಜೋನಾಕ್ಕೂ ಟೈಗರ್‌ಗೂ ವ್ಯತ್ಯಾಸ ತಿಳಿಯದೆ ಎರಡನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸಿಬಿಡುವವರು ಇದ್ದಾರೆ. ನನಗೂ ಒಮ್ಮೆ ಹೀಗೇ ಆಗಿತ್ತು. ಟೈಗರ್‌ಗೆ ನಾಲ್ಕು ಪಟ್ಟೆ: ಕಣ್ಣಿನ ಮೇಲೆ ಒಂದು, ಬೆನ್ನಿನ ರೆಕ್ಕೆ ಶುರುವಾಗುವುದಕ್ಕೆ ತುಸು ಮುಂದೆ ಒಂದು, ರೆಕ್ಕೆ ಮುಗಿದ ಮೇಲೆ ಒಂದು, ಬಾಲದ ಬುಡದಲ್ಲಿ ಒಂದು. ಪೆಂಟಜೋನಾಕ್ಕೆ ಐದು, ಅವುಗಳಲ್ಲಿ ನಡುವಿನದು ಬೆನ್ನಿನ ರೆಕ್ಕೆಯ ನೇರ ಕೆಳಗೆ ಇಳಿಯುತ್ತದೆ. ಎಣಿಸಲು ಆಗದಿದ್ದರೆ ಬೆನ್ನಿನ ರೆಕ್ಕೆಯನ್ನು ನೋಡಿ. ಟೈಗರ್‌ನ ಬೆನ್ನಿನ ರೆಕ್ಕೆ ಕಪ್ಪಾಗಿದ್ದು ಅಂಚಿಗೆ ಕೆಂಪು ಗೆರೆ ಹೊಡೆದಂತಿರುತ್ತದೆ.

ಪಾಚಿಪ್ರಿಯೆ:
ಇದು ಒಳ್ಳೆಯ ಪ್ರಶ್ನೆ. ನನಗೆ ಹೊಳೆದೇ ಇರಲಿಲ್ಲ.

ಗಾಜಿನಾಚೆ:
ನಾನು ‘ಐದು ಪಟ್ಟೆಯದು ಕೊಡಿ’ ಎಂದೆ, ಅವರು ಬಲೆ ಹಾಕಿ ಹಿಡಿದು ಕೊಟ್ಟರು. ಎಣಿಸುವ ಯೋಚನೆ ಬರಲಿಲ್ಲ, ನಾಚಿಕೆಯಾಗುತ್ತಿದೆ. ಈಗ ಎಣಿಸೋಣವೆಂದರೆ ಒಂದು ಕ್ಷಣ ನಿಲ್ಲುತ್ತಿಲ್ಲ. ಗಾಜು ತಟ್ಟಿ ಈಚೆಗೆ ಬರಿಸಲು ನೋಡಿದೆ, ಎಲ್ಲವೂ ಮರದ ತುಂಡಿನ ಹಿಂದೆ ಸೇರಿಕೊಂಡವು.

ಹಳೆಯ ಹವ್ಯಾಸಿ:
ಅಯ್ಯೋ, ಗಾಜು ತಟ್ಟಬೇಡಿ. ಗೆಂಡೆಯ ಬಳಗದ ಮೀನುಗಳಲ್ಲಿ ಗಾಳಿಚೀಲದಿಂದ ಒಳಕಿವಿಯವರೆಗೆ ಪುಟ್ಟ ಮೂಳೆಗಳ ಸರಪಳಿಯೇ ಇದೆ. ಗಾಳಿಚೀಲ ನಡುಗಿದ್ದನ್ನು ಆ ಮೂಳೆಗಳು ಕಿವಿಗೆ ಮುಟ್ಟಿಸುತ್ತವೆ. ಹಾಗಾಗಿ ಬಹಳಷ್ಟು ಮೀನುಗಳಿಗಿಂತ ಇವುಗಳ ಕಿವಿ ಚುರುಕು. ನಿಮ್ಮ ಬೆರಳಿನ ಟಕ್ ಅವುಗಳಿಗೆ ಬಾಗಿಲು ಒಡೆದ ಸದ್ದು.

ಎಲೆಹನಿ:
ಕಿವಿಯೊಂದೇ ಅಲ್ಲ. ಇವುಗಳ ಚರ್ಮಕ್ಕೆ ಗಾಯವಾದರೆ ಅಲ್ಲಿಂದ ಒಂದು ರಾಸಾಯನಿಕ ನೀರಿಗೆ ಸೇರುತ್ತದೆ. ಅದರ ವಾಸನೆ ತಗುಲಿದ ಕೂಡಲೇ ಗುಂಪಿನ ಉಳಿದವು ಒತ್ತಾಗಿ ಸೇರುತ್ತವೆ, ಇಲ್ಲವೇ ಓಡಿ ಅಡಗುತ್ತವೆ. ಜೇನುನೊಣಗಳ ಕುಣಿತ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಇದನ್ನು ಕಂಡದ್ದು ಇದೇ ಬಳಗದ ಮಿನ್ನೋ ಎಂಬ ಸಣ್ಣ ಮೀನಿನಲ್ಲಿ. ಬಲೆ ಹಾಕುವಾಗ ಒಂದು ಮೀನಿನ ಮೈ ಗೀರಿದರೂ ಉಳಿದವು ಗಾಬರಿ ಬೀಳುತ್ತವೆ. ಅದಕ್ಕೇ ಬಲೆಗೆ ಅವಸರ ಬೇಡ.

ಕಪ್ಪುಮರಳು:
ಮೀಸೆ ಹೋದ ಮೀನಿನ ಚರ್ಚೆ ಜೇನುನೊಣಕ್ಕೆ ಹೋಯಿತು. ಇನ್ನೇನು ಬಾಕಿ?

ಎಲೆಹನಿ:
ಮೀಸೆ ಎಂದದ್ದಕ್ಕೆ ನೆನಪಾಯಿತು. ಬಾರ್ಬ್ ಎಂಬ ಹೆಸರಿನ ಮೂಲದಲ್ಲಿರುವುದು ಲ್ಯಾಟಿನ್ನಿನ ಗಡ್ಡ. ಬಾಯಂಚಿನ ಮೀಸೆಗಳಿಂದ ಬಂದ ಹೆಸರು. ತಮಾಷೆ ಏನೆಂದರೆ ರೋಸಿ ಬಾರ್ಬ್‌ಗೆ ಆ ಮೀಸೆಯೇ ಇಲ್ಲ.

ಕಪ್ಪುಮರಳು:
ನನ್ನ ಗಿಡ ತಿಂದ ಮೀನಿಗೆ ಮೀಸೆ ಇದ್ದರೆಷ್ಟು, ಬಿಟ್ಟರೆಷ್ಟು.

ಕೊಳದಂಚು:
ವಿಷಯಕ್ಕೆ ಬರೋಣ. ಎಣಿಸುವುದಕ್ಕೆ ಸುಲಭ ಉಪಾಯ: ಒಂದು ಹೊತ್ತು ಆಹಾರ ಕೊಡಬೇಡಿ. ಮರುದಿನ ದೀಪ ಹಾಕಿದ ಮೇಲೆ ತೊಟ್ಟಿಯ ಮುಂದೆ ಹತ್ತು ನಿಮಿಷ ಅಲುಗಾಡದೆ ಕುಳಿತು, ಚಿಟಿಕೆ ಆಹಾರವನ್ನು ಮುಂದಿನ ಗಾಜಿಗೆ ತಾಗುವಂತೆ ಹಾಕಿ. ಎಲ್ಲ ಸಾಲಾಗಿ ಬರುತ್ತವೆ. ಮೊಬೈಲಿನಲ್ಲಿ ವಿಡಿಯೊ ಹಿಡಿದು, ನಿಲ್ಲಿಸಿ ನಿಲ್ಲಿಸಿ ನೋಡಿ. ಯಾರು ಮೊದಲು ನುಗ್ಗಿದರು ಎಂಬುದನ್ನೂ ಗಮನಿಸಿ.

ತೇಲುವ ಎಲೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಹೊಸಬಳು, 60 ಲೀಟರ್ ತೊಟ್ಟಿ ಇದೆ. ಡೆನಿಸನ್ ಬಾರ್ಬ್ ಸಾಧು ಎಂದು ಓದಿದೆ. ಆ ಕೆಂಪು ಗೆರೆ ನೋಡಿ ಮನಸ್ಸು ಸೋತಿದೆ. ಮೂರು ತಂದರೆ ಸಾಕೇ?

ಹಳೆಯ ಹವ್ಯಾಸಿ:
ಬೇಡ ತಾಯಿ. ಸಾಧು ನಿಜ, ಆದರೆ ಹನ್ನೆರಡು ಸೆಂಟಿಮೀಟರ್ ದಾಟುವ, ಬಾಣದ ಹಾಗೆ ಈಜುವ ಮೀನು ಅದು. ಪಶ್ಚಿಮ ಘಟ್ಟದ ಕಲ್ಲುತಳದ, ರಭಸವಾಗಿ ಹರಿಯುವ ಹೊಳೆಗಳಲ್ಲಿ ಇರುವಂಥದ್ದು. ಕನಿಷ್ಠ ನಾಲ್ಕು ಅಡಿಯ ತೊಟ್ಟಿ, ಚೆನ್ನಾಗಿ ಹರಿಯುವ ತಂಪು ನೀರು, ಆರಕ್ಕಿಂತ ಹೆಚ್ಚಿನ ಗುಂಪು, ಮೇಲೆ ಬಿಗಿಯಾದ ಮುಚ್ಚಳ. ಹಾರುತ್ತದೆ. ಹೊಳೆಗಳಲ್ಲಿಯೇ ಅದರ ಸಂಖ್ಯೆ ಕುಸಿದು, ಅಳಿವಿನ ಅಂಚಿನ ಮೀನುಗಳ ಪಟ್ಟಿಗೆ ಸೇರಿದೆ. ಹೊಳೆಯಿಂದ ಹಿಡಿದು ಮಾರಿದ್ದೂ ಅದಕ್ಕೆ ಒಂದು ಕಾರಣ. ಎಂದಾದರೂ ದೊಡ್ಡ ತೊಟ್ಟಿ ಮಾಡಿದರೆ, ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ ತನ್ನಿ. ಈಗ ನಿಮ್ಮ 60 ಲೀಟರ್‌ಗೆ ಎಂಟು ಚೆರ್ರಿ ಬಾರ್ಬ್ ಸೊಗಸಾಗಿ ಹೊಂದುತ್ತವೆ. ಗಂಡು ಮೂರು ಇರಲಿ, ಉಳಿದವು ಹೆಣ್ಣು.

ತೇಲುವ ಎಲೆ:
ಧನ್ಯವಾದಗಳು. ಹೊಳೆಯುವ ಬೆಳ್ಳಿ ಬಣ್ಣದ ಟಿನ್‌ಫಾಯಿಲ್ ಎಂಬುದನ್ನೂ ನೋಡಿದ್ದೆ, ಮರಿಗಳು ಪುಟ್ಟದಾಗಿ ಮುದ್ದಾಗಿದ್ದವು.

ಮೌನಿ:
ಒಂದು ಅಡಿ ಬೆಳೆಯುತ್ತದೆ.

ತೇಲುವ ಎಲೆ:
ಅರ್ಥವಾಯಿತು, ಚೆರ್ರಿಯೇ ಸರಿ.

ಗಾಜಿನಾಚೆ:
ಕೊಳದಂಚು ಅವರು ಹೇಳಿದಂತೆಯೇ ಮಾಡಿದೆ. ನಲವತ್ತು ಸೆಕೆಂಡಿನ ವಿಡಿಯೊವನ್ನು ಒಂದು ಗಂಟೆ ನೋಡಿದೆ. ಏಳರಲ್ಲಿ ಐದಕ್ಕೆ ಐದು ಪಟ್ಟೆ. ಎರಡಕ್ಕೆ ನಾಲ್ಕೇ. ಬೆನ್ನಿನ ರೆಕ್ಕೆಯಡಿ ಪಟ್ಟೆ ಇರಬೇಕಾದ ಜಾಗದಲ್ಲಿ ಬರೀ ಹೊಂಬಣ್ಣ. ಮೂತಿಯೂ ಕೆಂಪು. ಆಹಾರಕ್ಕೆ ಮೊದಲು ನುಗ್ಗಿದ್ದು ಆ ಎರಡೇ. ಐದೂ ಹಿಂದಿನಿಂದ ಅಳುಕುತ್ತ ಬಂದು, ಕೆಳಗೆ ಬಿದ್ದದ್ದನ್ನು ಹೆಕ್ಕಿ ಓಡಿದವು. ಕೊನೆಗೆ ಕಣ್ಣಾರೆ ಕಂಡೆ: ಗೌರಾಮಿ ಹೀಟರ್ ಹಿಂದಿನಿಂದ ಒಂದು ಗೇಣು ಮುಂದೆ ಬಂದು ಉಳಿದಿದ್ದ ಅರ್ಧ ದಾರವನ್ನು ಚಾಚಿತು. ಆ ಎರಡರಲ್ಲಿ ಒಂದು ಕೆಳಗಿನಿಂದ ಬಂದು, ಎರೆಹುಳು ಎಳೆದಂತೆ ಎಳೆದು ಹೋಯಿತು.

ಪಾಚಿಪ್ರಿಯೆ:
ಅಯ್ಯೋ ಪಾಪ. ಆ ದಾರಗಳಿಂದಲೇ ಗೌರಾಮಿ ಮುಟ್ಟಿ ನೋಡುವುದು, ರುಚಿ ತಿಳಿಯುವುದು. ಕುರುಡನ ಕೋಲು ಕಸಿದುಕೊಂಡ ಹಾಗಾಯಿತು.

ಕಪ್ಪುಮರಳು:
ಅಂದರೆ ನಾನು ಹೇಳಿದ್ದೇ ಸರಿಯಾಯಿತು. ಕಚ್ಚಿದ್ದು ಬಾರ್ಬೇ.

ಕೊಳದಂಚು:
ಐದು ಬಾರ್ಬ್‌ಗಳು ಕಚ್ಚಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟೈಗರ್‌ಗಳನ್ನೂ ನಾನು ಬೈಯುವುದಿಲ್ಲ. ತನ್ನವರು ಹತ್ತು ಹನ್ನೆರಡು ಮಂದಿ ಜೊತೆಗಿದ್ದರೆ ಅಟ್ಟುವುದು, ಮೇಲು ಕೀಳು ತೀರ್ಮಾನಿಸುವುದು ಎಲ್ಲ ತಮ್ಮ ಗುಂಪಿನೊಳಗೇ ಬಹುಮಟ್ಟಿಗೆ ಮುಗಿಯುತ್ತದೆ. ಎರಡೇ ಇದ್ದರೆ ಆ ಚುರುಕೆಲ್ಲ ಎಲ್ಲಿಗೆ ಹೋಗಬೇಕು? ಎದುರಿಗೆ ಅಲುಗಾಡುವ ದಾರ ಇತ್ತು.

ಎಲೆಹನಿ:
ಹಾಗೆಂದು ಇನ್ನೂ ಎಂಟು ಟೈಗರ್ ತಂದು ಗುಂಪು ಮಾಡುವ ಯೋಚನೆ ಬೇಡ. ದೊಡ್ಡ ಗುಂಪಿನ ಟೈಗರ್‌ಗಳ ಜೊತೆಗೂ ಗೌರಾಮಿ ನೆಮ್ಮದಿಯಾಗಿ ಇರುವುದಿಲ್ಲ. ಕಚ್ಚದಿದ್ದರೂ ಆ ಗಡಿಬಿಡಿಗೇ ಬೆದರುತ್ತದೆ.

ಹಳೆಯ ಹವ್ಯಾಸಿ:
ಎರಡನ್ನು ತೆಗೆದ ಮೇಲೆ ಉಳಿಯುವ ಐದು ಪೆಂಟಜೋನಾ ಗುಂಪಲ್ಲ, ಐದು ಬಿಡಿ ಮೀನು. ಹತ್ತಕ್ಕೆ ಏರಿಸಿ, ಆಗ ಅವು ಬಯಲಿಗೆ ಬರುತ್ತವೆ. ಹೊಸದಾಗಿ ಬರುವ ಐದಕ್ಕೂ ಮೂರು ವಾರದ ಪ್ರತ್ಯೇಕ ತೊಟ್ಟಿ ತಪ್ಪಿಸಬೇಡಿ. ಹೊಸ ಮೀನಿನ ಮೈಮೇಲೆ ಬಿಳಿಚುಕ್ಕೆ ರೋಗ ಕಾಣಿಸಿಕೊಳ್ಳಲು ಕೆಲವು ದಿನ ಹಿಡಿಯುತ್ತದೆ, ಬಂದ ದಿನ ಶುದ್ಧವಾಗಿಯೇ ಕಾಣುತ್ತವೆ. ಇವುಗಳಿಗೆ ಹೊಟ್ಟೆ ಎಂಬ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಹಾಗಾಗಿ ಒಮ್ಮೆಗೆ ಸುರಿಯುವ ಬದಲು ಸ್ವಲ್ಪ ಸ್ವಲ್ಪ, ದಿನಕ್ಕೆ ಎರಡು ಮೂರು ಸಲ ಕೊಡಿ. ಗೌರಾಮಿಗೆ ಬೇರೆ ಮೂಲೆಯಲ್ಲಿ ಹಾಕಿ.

ಪಾಚಿಪ್ರಿಯೆ:
ಮೇಲೆ ತೇಲುವ ಗಿಡವನ್ನೂ ಬಿಡಿ. ಪೆಂಟಜೋನಾಕ್ಕೆ ನೆರಳು, ಗೌರಾಮಿಗೆ ಮರೆ.

ಗಾಜಿನಾಚೆ:
ಸರಿ. ಆ ದಾರಗಳು ಮತ್ತೆ ಬೆಳೆಯುತ್ತವೆಯೇ?

ಹಳೆಯ ಹವ್ಯಾಸಿ:
ಬುಡಕ್ಕೆ ಪೆಟ್ಟಾಗಿರದಿದ್ದರೆ ಬೆಳೆಯುತ್ತವೆ, ನಿಧಾನವಾಗಿ. ನೀರು ಶುದ್ಧವಾಗಿರಲಿ, ಸುಮ್ಮನೆ ಔಷಧಿ ಸುರಿಯಬೇಡಿ.

ಕಪ್ಪುಮರಳು:
ಎರಡು ಟೈಗರ್‌ಗಳನ್ನು ಏನು ಮಾಡುತ್ತೀರಿ? ಪುನಃ ಅದೇ ಬೆರಕೆ ತೊಟ್ಟಿಗೆ ಹೋದರೆ ನಾಳೆ ಇನ್ನೊಬ್ಬರ ಗೌರಾಮಿಗೆ ಗ್ರಹಚಾರ.

ಮೌನಿ:
ನನ್ನಲ್ಲಿ ಹದಿನಾಲ್ಕು ಟೈಗರ್ ಇವೆ. ಕೊಡಿ.

ಗಾಜಿನಾಚೆ:
ಮೌನಿ ಅವರೇ, ಖಂಡಿತ. ಆದರೆ ಹಿಡಿಯುವುದು ಹೇಗೆ ಎಂದೂ ಒಂದು ಸಾಲು ಬರೆಯಿರಿ. ಬಲೆ ಇಳಿಸಿದರೆ ಪೆಂಟಜೋನಾಗಳೇ ಬಂದು ಬೀಳುತ್ತಿವೆ, ಆ ಎರಡು ಬಲೆಯ ಹಿಡಿಯ ಪಕ್ಕದಲ್ಲೇ ನಿಂತು ನೋಡುತ್ತಿವೆ.

ಮೌನಿ:
ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ಒಳಮುಖವಾಗಿ ಸೇರಿಸಿ. ಒಳಗೆ ಆಹಾರ ಹಾಕಿ ತಳದಲ್ಲಿ ಮಲಗಿಸಿ. ಆಸೆಬುರುಕರು ಮೊದಲು ಹೊಗುತ್ತಾರೆ.

ಗಾಜಿನಾಚೆ:
ಒಂದು ಸಿಕ್ಕಿತು. ಹನ್ನೊಂದು ನಿಮಿಷ. ಇನ್ನೊಂದು ಬಾಟಲಿಯ ಸುತ್ತ ತಿರುಗುತ್ತಿದೆ.